ಅರಣ್ಯಶಾಸ್ತ್ರಜ್ಞ ಬ್ರಾಂಡಿಸ್

ಬೇಸಗೆಯಲ್ಲಿ ಶಿಕಾರಿಪುರದಿಂದ ಸೊರಬದ ಕಡೆಗೆ ಪಯಣ ಮಾಡುವವರು ನೆಲದ ಬಣ್ಣ ಬದಲಾಗುವುದನ್ನು ಕಾಣಬಹುದು. ಶಿಕಾರಿಪುರದ್ದು ಅರೆಮಲೆನಾಡು, ಕುಮುದ್ವತಿಯ ನೀರನ್ನೂ ಹಿಂದಿನವರು ಕಟ್ಟಿಸಿದ ಕೆರೆಗಳನ್ನೂ ನೆಚ್ಚಿ ಬಾಳುವ ಸೀಮೆ. ಅಲ್ಲಿನ ಗುಡ್ಡಗಳ ಮೇಲೆ ಮತ್ತಿ, ಹೊನ್ನೆ, ತೇಗ ಮುಂತಾದ ಎಲೆಯುದುರಿಸುವ ಮರಗಳು ಬೆಳೆಯುತ್ತವೆ. ಫಾಲ್ಗುಣ ಮಾಸ ಕಳೆಯುವ ವೇಳೆಗೆ ಅವು ಬೋಳಾಗಿ ನಿಂತು, ಕಾಲಿಟ್ಟಲ್ಲೆಲ್ಲ ತರಗೆಲೆ ಸದ್ದು ಮಾಡುತ್ತದೆ. ಸೊರಬ ಹತ್ತಿರವಾದಂತೆ, ಒಣಗಿದ ಗದ್ದೆಬಯಲಿನ ನಡುವೆ ಅಲ್ಲೊಂದು ಇಲ್ಲೊಂದು ಕಡುಹಸುರಿನ ತೋಪು ಎದುರಾಗುತ್ತದೆ. ಬಿರುಬಿಸಿಲಿನಲ್ಲಿಯೂ ಅದರ ಎಲೆ ಬಾಡದು; ಒಳಗೆ ಹೊಕ್ಕರೆ ಹಗಲಿನಲ್ಲಿಯೂ ಮಬ್ಬುಗತ್ತಲೆ, ಕಾಲಡಿಯಲ್ಲಿ ತಂಪು. ಮಲೆನಾಡಿನವರು ಇದನ್ನು ಕಾನು ಎಂದು ಕರೆಯುತ್ತಾರೆ.

ಸುತ್ತಲಿನ ಕಾಡು ಬೇರೆ, ಕಾನು ಬೇರೆ. ಕಾನಿನಲ್ಲಿ ನಿತ್ಯಹರಿದ್ವರ್ಣದ ಮರಗಳು ಒತ್ತಾಗಿ ಬೆಳೆದಿರುತ್ತವೆ. ಅವುಗಳ ಕಾಂಡವನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಬೈನೆಯ ಮರ, ಬೆತ್ತ, ಕಾಡುಮಾವು, ಹಲಸು, ದಾಲ್ಚಿನ್ನಿ ಎಲ್ಲವೂ ಅಲ್ಲುಂಟು. ಕಾನಿನ ತಗ್ಗಿನಲ್ಲಿ ಹುಟ್ಟಿದ ನೀರು ಕೆಳಗಿನ ಕೆರೆಗೂ ಗದ್ದೆಗೂ ಹರಿಯುತ್ತದೆ. ಅನೇಕ ಕಾನುಗಳಲ್ಲಿ ಊರಿನ ದೇವತೆಯ ನೆಲೆಯಿರುವುದರಿಂದ ಅಲ್ಲಿ ಕೊಡಲಿಯಿಡಲು ಜನ ಅಂಜುತ್ತಿದ್ದರು. ಮೆಣಸನ್ನು ಕೊಯ್ಯುವುದುಂಟು, ಬೈನೆಯನ್ನು ಇಳಿಸುವುದುಂಟು, ಉದುರಿದ ಸೊಪ್ಪನ್ನು ತೋಟಕ್ಕೆ ಒಯ್ಯುವುದುಂಟು. ಆದರೆ ಕಾನನ್ನು ಕಡಿದು ಬಯಲು ಮಾಡುವುದು ಊರಿಗೆ ಒಪ್ಪದ ಮಾತಾಗಿತ್ತು.

ಸೊರಬ ತಾಲ್ಲೂಕಿನ ಈ ಕಾನುಗಳನ್ನು ಕುರಿತು ೧೮೬೮ನೆಯ ಇಸವಿಯ ಮೇ ತಿಂಗಳಿನಲ್ಲಿ ಒಂದು ವರದಿ ಸಿದ್ಧವಾಯಿತು. ಅದನ್ನು ಬರೆದವರು ಇಬ್ಬರು. ಒಬ್ಬನು ಗ್ರ್ಯಾಂಟ್ ಎಂಬ ಅಧಿಕಾರಿ. ಇನ್ನೊಬ್ಬನು ಆಗ ಭಾರತದ ಅರಣ್ಯಗಳೆಲ್ಲದರ ಮಹಾನಿರೀಕ್ಷಕನಾಗಿದ್ದ ಡೀಟ್ರಿಶ್ ಬ್ರಾಂಡಿಸ್. ಜರ್ಮನಿಯ ಒಬ್ಬ ತತ್ತ್ವಶಾಸ್ತ್ರಜ್ಞನ ಮಗ ಮಲೆನಾಡಿನ ಕಾನನ್ನು ಕುರಿತು ಬರೆಯುವಂತಾದುದು ಹೇಗೆ ಎಂಬುದೇ ಒಂದು ಸ್ವಾರಸ್ಯವಾದ ಕಥೆ.

ಬ್ರಾಂಡಿಸ್ ೧೮೨೪ನೆಯ ಮಾರ್ಚ್ ೩೧ರಂದು ರೈನ್ ನದಿಯ ದಡದಲ್ಲಿರುವ ಬಾನ್ ನಗರದಲ್ಲಿ ಜನಿಸಿದನು. ತಂದೆ ಕ್ರಿಶ್ಚಿಯನ್ ಆಗಸ್ಟ್ ಬ್ರಾಂಡಿಸ್ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ. ಗ್ರೀಸ್ ದೇಶದ ಹೊಸ ಅರಸನಿಗೆ ಸಲಹೆಗಾರನಾಗಿ ಆತನು ಕೆಲವು ವರ್ಷ ಅಥೆನ್ಸಿನಲ್ಲಿದ್ದುದರಿಂದ ಬಾಲಕನಿಗೂ ಆ ದೇಶದಲ್ಲಿ ವಾಸಿಸುವ ಅವಕಾಶ ದೊರೆಯಿತು. ಮುಂದೆ ಕೋಪನ್‌ಹೇಗನ್, ಗಟಿಂಗೆನ್, ಬಾನ್ ನಗರಗಳಲ್ಲಿ ವ್ಯಾಸಂಗ ಮಾಡಿ, ೧೮೪೮ರಲ್ಲಿ ಡಾಕ್ಟರೇಟ್ ಪದವಿ ಪಡೆದು, ಬಾನ್‌ನಲ್ಲಿಯೇ ಸಸ್ಯಶಾಸ್ತ್ರದ ಉಪನ್ಯಾಸಕನಾದನು. ಆ ಕೆಲಸದಲ್ಲಿಯೇ ಅವನು ನಿಂತಿದ್ದರೆ ಒಳ್ಳೆಯ ಪ್ರಾಧ್ಯಾಪಕನೆನಿಸಿ, ಬಾನ್‌ನ ಹೊರಗೆ ಯಾರಿಗೂ ತಿಳಿಯದೆ ಹೋಗುತ್ತಿದ್ದನೋ ಏನೋ.

೧೮೫೪ರಲ್ಲಿ ಅವನು ರೇಚಲ್ ಎಂಬಾಕೆಯನ್ನು ವಿವಾಹವಾದನು. ಆಕೆ ಬಂಗಾಳದ ಸೆರಾಂಪುರದಲ್ಲಿ ಪ್ರಸಿದ್ಧನಾಗಿದ್ದ ಮಿಷನರಿ ಜೋಶುವ ಮಾರ್ಶ್‌ಮನ್ನನ ಮಗಳು. ವಾಯ್ಟ್ ಎಂಬ ಡೇನಿಷ್ ವೈದ್ಯನ ವಿಧವೆ. ಆ ವೈದ್ಯನೂ ಸಸ್ಯಶಾಸ್ತ್ರಜ್ಞನೇ. ರೇಚಲಳ ಸಹೋದರಿಯ ಗಂಡ ಹ್ಯಾವ್‌ಲಾಕ್ ಕಂಪನಿಯ ಸರ್ಕಾರದಲ್ಲಿ ಹೆಸರುಳ್ಳ ಸೇನಾಧಿಕಾರಿ. ಈ ನಂಟಿನ ಮೂಲಕ ಬ್ರಾಂಡಿಸನ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿಯ ಕಿವಿಗೆ ಬಿದ್ದಿತು. ೧೮೫೬ರಲ್ಲಿ ಬ್ರಾಂಡಿಸ್ ಬರ್ಮಾ ದೇಶದ ಪೆಗು ಪ್ರಾಂತದ ತೇಗದ ಕಾಡುಗಳ ಮೇಲ್ವಿಚಾರಕನಾಗಿ ನೇಮಕಗೊಂಡನು. ಆಗ ಅವನಿಗೆ ಮೂವತ್ತೆರಡು ವರ್ಷ.

ಆ ಕಾಲದಲ್ಲಿ ಸರ್ಕಾರಕ್ಕೆ ಮರದ ಚಿಂತೆ ಏಕೆ ಹತ್ತಿತೆಂಬುದನ್ನು ತಿಳಿಯಬೇಕು. ಇಂಗ್ಲೆಂಡಿನ ಓಕ್ ಮರಗಳು ಹಡಗು ಕಟ್ಟಿ ಕಟ್ಟಿ ಮುಗಿಯುತ್ತ ಬಂದಿದ್ದವು. ಉಪ್ಪುನೀರಿಗೂ ಹುಳುವಿಗೂ ಬೇಗ ಬಗ್ಗದ ತೇಗಕ್ಕಾಗಿ ಮಲಬಾರ್ ಮತ್ತು ಕನ್ನಡ ಜಿಲ್ಲೆಗಳ ಘಟ್ಟದ ಕಾಡುಗಳನ್ನು ಕಡಿದುದಾಗಿತ್ತು. ೧೮೫೩ರಲ್ಲಿ ಮುಂಬಯಿಯಿಂದ ಠಾಣೆಗೆ ರೈಲು ಓಡಿತು. ಹಳಿಯ ಕೆಳಗೆ ಅಡ್ಡಲಾಗಿ ಹಾಕುವ ಸ್ಲೀಪರುಗಳು ಒಂದು ಮೈಲಿಗೆ ೧,೭೬೦ರಿಂದ ೨,೦೦೦ದಷ್ಟು ಬೇಕು. ಅವು ಕೆಲವೇ ವರ್ಷಗಳಲ್ಲಿ ಕೊಳೆತು ಮತ್ತೆ ಹೊಸವು ಬೇಕಾಗುತ್ತವೆ. ಎಂಜಿನ್ನಿನ ಒಲೆಗೂ ಹಲವೆಡೆ ಸೌದೆಯೇ ಗತಿ. ಗುತ್ತಿಗೆದಾರರು ಕಾಡಿಗೆ ನುಗ್ಗಿ, ಕೈಗೆ ಸಿಕ್ಕ ಮರವನ್ನೆಲ್ಲ ಉರುಳಿಸಿದರು. ಎಷ್ಟೋ ದಿಮ್ಮಿಗಳು ಸಾಗಿಸಲಾಗದೆ ಬಿದ್ದಲ್ಲಿಯೇ ಗೆದ್ದಲಿನ ಪಾಲಾದವು. ಕಾಡು ತೀರದ ಭಂಡಾರವೆಂಬ ಭ್ರಮೆ ಹರಿಯತೊಡಗಿದ್ದು ಆಗ.

ಪೆಗುವಿಗೆ ಬಂದ ಬ್ರಾಂಡಿಸನ ಮುಂದೆ ಇದ್ದ ಮೊದಲ ಪ್ರಶ್ನೆ ತೀರ ಸರಳವಾದುದು: ಕಾಡಿನಲ್ಲಿ ತೇಗದ ಮರ ಎಷ್ಟಿವೆ? ಇದಕ್ಕೆ ಉತ್ತರ ಯಾರಲ್ಲಿಯೂ ಇರಲಿಲ್ಲ. ಸಾವಿರಾರು ಚದರ ಮೈಲಿಯ ಬಿದಿರುಮೆಳೆ, ಜ್ವರದ ಕಾಡು. ಒಂದೊಂದು ಮರವನ್ನೂ ಎಣಿಸುವುದು ಸಾಧ್ಯವಿಲ್ಲ. ಬ್ರಾಂಡಿಸ್ ಒಂದು ಉಪಾಯವನ್ನು ಕಂಡುಕೊಂಡನು. ಆನೆಯ ಮೇಲೆ ಕುಳಿತು ಕಾಡಿನ ನಡುವೆ ಗೊತ್ತಾದ ದಾರಿಯಲ್ಲಿ ಸಾಗುವುದು. ದಾರಿಯ ಎರಡು ಮಗ್ಗುಲಲ್ಲಿಯೂ ನಿಗದಿಯಾದ ದೂರದೊಳಗೆ ಕಾಣುವ ತೇಗಗಳನ್ನು ಮಾತ್ರ ಎಣಿಸುವುದು. ಆ ಪಟ್ಟಿಯ ಲೆಕ್ಕದಿಂದ ಇಡೀ ಕಾಡಿನ ಅಂದಾಜು ಕಟ್ಟುವುದು. ಆನೆ ಬಿದಿರನ್ನು ಸೀಳಿಕೊಂಡು ನುಗ್ಗುವಾಗ, ಮಳೆ ಸುರಿಯುವಾಗ ಕಾಗದ ಲೇಖನಿಗಳು ಕೆಲಸಕ್ಕೆ ಬಾರವು. ಆದುದರಿಂದ ಅವನು ಎಡಗೈಯಲ್ಲಿ ಕೆಲವು ಕೋಲುಗಳನ್ನೂ ಬಲಗೈಯಲ್ಲಿ ಚಾಕುವನ್ನೂ ಹಿಡಿದಿರುತ್ತಿದ್ದನು. ಮರದ ದಪ್ಪಕ್ಕೆ ತಕ್ಕಂತೆ ವರ್ಗ ಮಾಡಿಕೊಂಡು, ಒಂದೊಂದು ವರ್ಗಕ್ಕೆ ಒಂದೊಂದು ಕೋಲನ್ನು ಗೊತ್ತುಮಾಡಿಕೊಂಡಿದ್ದನು. ಮರ ಕಂಡೊಡನೆ ಆ ವರ್ಗದ ಕೋಲಿನ ಮೇಲೆ ಒಂದು ಕಚ್ಚು. ಸಂಜೆ ಬಿಡಾರಕ್ಕೆ ಹಿಂದಿರುಗಿದ ಮೇಲೆ ಕಚ್ಚುಗಳನ್ನು ಎಣಿಸಿ ಪುಸ್ತಕಕ್ಕೆ ಏರಿಸುವುದು. ನಮ್ಮ ಹಳ್ಳಿಗಳಲ್ಲಿ ಓದುಬರೆಹ ಬಾರದವರು ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಎಳೆಯುತ್ತಿದ್ದರಲ್ಲವೆ? ಬಾನ್‌ನ ಡಾಕ್ಟರ್ ಪದವೀಧರನು ಬರ್ಮಾದ ಕಾಡಿನಲ್ಲಿ ಮಾಡಿದ್ದೂ ಅದನ್ನೇ.

ಎಣಿಕೆಯಿಂದ ಒಂದು ನಿಯಮ ಹೊರಟಿತು. ಆರು ಅಡಿ ಮತ್ತು ಅದಕ್ಕಿಂತ ಹೆಚ್ಚು ಸುತ್ತಳತೆಯ ಮರಗಳು ಮೊದಲನೆಯ ವರ್ಗದವು, ಕಡಿಯಲು ತಕ್ಕವು. ಎರಡನೆಯ ವರ್ಗದ ಮರಗಳು ಬೆಳೆದು ಮೊದಲನೆಯ ವರ್ಗಕ್ಕೆ ಸೇರಲು ಎಷ್ಟು ವರ್ಷ ಬೇಕೆಂದು ತಿಳಿದರೆ, ಒಂದು ವರ್ಷಕ್ಕೆ ಎಷ್ಟು ಮರ ಹೊಸದಾಗಿ ಸೇರುತ್ತವೆಂಬುದು ತಿಳಿಯುತ್ತದೆ. ಕಡಿಯುವುದು ಅದಕ್ಕಿಂತ ಹೆಚ್ಚಾಗಬಾರದು. ಕೆರೆಯ ತೂಬನ್ನು ಎಷ್ಟು ತೆರೆಯಬೇಕೆಂಬುದನ್ನು ಬರುವ ನೀರನ್ನು ನೋಡಿ ನಿರ್ಧರಿಸುವ ನೀರುಗಂಟಿಯ ಲೆಕ್ಕವೇ ಇದು. ಇಂದು ಇದು ಎಲ್ಲರೂ ಒಪ್ಪುವ ಮಾತು. ಅಂದು ರಂಗೂನಿನ ಮರದ ವರ್ತಕರಿಗೆ ಇದು ಕಹಿಯಾಯಿತು. ಕಾಡನ್ನು ತಮಗೆ ಬಿಟ್ಟುಕೊಡಬೇಕೆಂದು ಅವರು ಸರ್ಕಾರವನ್ನು ಒತ್ತಾಯಿಸಿದರು. ಬ್ರಾಂಡಿಸನ ಹಟವನ್ನು ದೂರಿದರು. ಅವನು ಬಿಡಲಿಲ್ಲ.

ಮರವನ್ನು ಅವನು ಅರಿತದ್ದು ಗ್ರಂಥಗಳಿಂದ ಮಾತ್ರವಲ್ಲ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದುದರಿಂದ ಬರ್ಮಾದವರು ಮರವನ್ನು ಕಡಿಯುವ ಮೊದಲು ಬುಡದ ಸುತ್ತ ತೊಗಟೆಯನ್ನೂ ಅದರೊಳಗಿನ ಬಿಳಿಯ ಮರವನ್ನೂ ಚೇಗು ಕಾಣುವವರೆಗೆ ಕೆತ್ತಿಬಿಡುತ್ತಿದ್ದರು. ಮರ ನಿಂತಲ್ಲಿಯೇ ಸತ್ತು, ಎರಡು ಮೂರು ವರ್ಷ ಒಣಗಿ ಹಗುರವಾದ ಮೇಲೆ ಅದನ್ನು ಉರುಳಿಸಿ, ಆನೆಗಳಿಂದ ಹೊಳೆಗೆ ಎಳೆಸಿ, ತೆಪ್ಪ ಕಟ್ಟಿ ತೇಲಿಸುತ್ತಿದ್ದರು. ಯಾವ ಮರವನ್ನು ಹೀಗೆ ಕೆತ್ತಬೇಕೆಂಬುದನ್ನು ಗೊತ್ತುಮಾಡುವವನ ಕೈಯಲ್ಲಿಯೇ ಕಾಡಿನ ಆಯುಸ್ಸು ಇರುತ್ತಿತ್ತು.

ಅಲ್ಲಿನ ಕರೆನ್ ಎಂಬ ಗುಡ್ಡಗಾಡಿನ ಜನ ಕಾಡನ್ನು ಸವರಿ ಸುಟ್ಟು, ಬೂದಿಯಲ್ಲಿ ಬತ್ತ ಬಿತ್ತಿ, ಒಂದೆರಡು ಬೆಳೆಯ ಬಳಿಕ ಬೇರೆ ಜಾಗಕ್ಕೆ ಹೋಗುತ್ತಿದ್ದರು. ನಮ್ಮ ಘಟ್ಟಗಳಲ್ಲಿ ಇದಕ್ಕೆ ಕುಮರಿ ಎಂದು ಹೆಸರು. ಅಧಿಕಾರಿಗಳಲ್ಲಿ ಬಹುಮಂದಿಗೆ ಕುಮರಿಯೆಂದರೆ ಆಗದು. ೧೮೪೦ರ ದಶಕದಲ್ಲಿ ಶಿವಮೊಗ್ಗದಲ್ಲಿ ಸರ್ಜನನಾಗಿದ್ದು, ಅಲ್ಲಿನ ಚಿತ್ರಗಾರನೊಬ್ಬನಿಂದ ಗಿಡಮೂಲಿಕೆಗಳ ಚಿತ್ರಗಳನ್ನು ಬರೆಸಿದ, ಬಳಿಕ ಮದರಾಸಿನ ಅರಣ್ಯಾಧಿಕಾರಿಯಾದ ಡಾಕ್ಟರ್ ಕ್ಲೆಗ್‌ಹಾರ್ನ್ ಕೂಡ ಕುಮರಿಯನ್ನು ನಿಲ್ಲಿಸಬೇಕೆಂಬ ಪಕ್ಷದವನು. ಬ್ರಾಂಡಿಸ್ ಕರೆನ್ನರೊಡನೆ ಜಗಳವಾಡುವ ಬದಲು ಒಪ್ಪಂದ ಮಾಡಿಕೊಂಡನು. ಸವರಿದ ನೆಲದಲ್ಲಿ ಬತ್ತದ ಜೊತೆಗೆ ತೇಗದ ಸಸಿಗಳನ್ನೂ ಅವರು ನಡಬೇಕು, ಬತ್ತ ಅವರದು, ಬದುಕಿ ನಿಂತ ಸಸಿಗಳಿಗೆ ಸರ್ಕಾರ ಹಣ ಕೊಡುತ್ತದೆ. ಟೌಂಗ್ಯಾ ಎಂಬ ಬರ್ಮೀ ಹೆಸರಿನ ಈ ಪದ್ಧತಿ ಮುಂದೆ ಏಷ್ಯ, ಆಫ್ರಿಕ ಖಂಡಗಳ ಹಲವು ದೇಶಗಳಿಗೆ ಹಬ್ಬಿತು. ಕರೆನ್ನರ ಪಾಲಿಗೆ ಇದು ಎಷ್ಟು ಲಾಭದ್ದೆಂಬುದು ಬೇರೆ ಪ್ರಶ್ನೆ. ಹತ್ತು ವರ್ಷದ ಮೇಲೆ ಅವರು ಹಿಂದಿರುಗಿ ನೋಡಿದರೆ ತಮ್ಮ ಹೊಲವಿದ್ದಲ್ಲಿ ಸರ್ಕಾರದ ತೇಗದ ತೋಟವಿರುತ್ತಿತ್ತು.

ಪೆಗುವಿನ ಕೆಲಸವನ್ನು ಮೆಚ್ಚಿದ ಸರ್ಕಾರ ೧೮೬೨ರಲ್ಲಿ ಅವನನ್ನು ಭಾರತಕ್ಕೆ ಕರೆಸಿಕೊಂಡಿತು. ಮರುವರ್ಷವೇ ರೇಚಲ್ ಸಿಮ್ಲಾದಲ್ಲಿ ತೀರಿಕೊಂಡಳು. ೧೮೬೪ರಲ್ಲಿ ಬ್ರಾಂಡಿಸ್ ಮೊದಲನೆಯ ಅರಣ್ಯ ಮಹಾನಿರೀಕ್ಷಕನಾದನು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾದುದೂ ಅದೇ ವರ್ಷ. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರನ ಆಡಳಿತದಲ್ಲಿತ್ತು. ಮುಂದಿನ ಸುಮಾರು ಇಪ್ಪತ್ತು ವರ್ಷ ಅವನು ಹಿಮಾಲಯದ ದೇವದಾರುವಿನಿಂದ ದಕ್ಷಿಣದ ಘಟ್ಟಗಳವರೆಗೆ ದೇಶವನ್ನು ಸುತ್ತಿದನು. ಸುಂದರಬನದ ಕಾಂಡ್ಲಾ ಕಾಡಿನ ಬಹುಭಾಗ ಕಾಯ್ದಿಟ್ಟ ಅರಣ್ಯವಾದುದು ಅವನ ಕಾಲದಲ್ಲಿಯೇ, ೧೮೭೫-೭೬ರ ಸುಮಾರಿಗೆ. ಕಲ್ಕತ್ತೆಗೆ ಸೌದೆಯನ್ನೂ ದೋಣಿಯ ಮರವನ್ನೂ ಒದಗಿಸುತ್ತಿದ್ದ ಆ ಕಾಡನ್ನು ಕಡಿದು ಗದ್ದೆ ಮಾಡುವ ಕೆಲಸ ಬಹುಕಾಲದಿಂದ ನಡೆದಿತ್ತು. ಶರಾವತಿ ನದಿ ಹೊನ್ನಾವರದಲ್ಲಿ ಕಡಲು ಸೇರುವ ಅಳಿವೆಯಲ್ಲಿ ಇಂಥ ಕಾಂಡ್ಲಾ ಮರಗಳನ್ನು ನಾವೂ ಕಾಣಬಹುದು. ಕೆಸರಿನಲ್ಲಿ ಉಸಿರಾಡಲೆಂದು ಅವು ನೀರಿನ ಮೇಲೆ ಬೇರುಗಳನ್ನು ಚಾಚುತ್ತವೆ. ಅದೇ ನದಿಯ ಕಣಿವೆಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ, ರಾಮಪತ್ರೆಯ ಜಾತಿಯ ಮರಗಳೂ ಅದೇ ಕಾರಣಕ್ಕೆ ಮಂಡಿಯಂತೆ ಬೇರು ಬಾಗಿಸಿ ನಿಂತಿವೆ. ಕಾನು ಮತ್ತು ಕಾಂಡ್ಲಾ ದೂರದ ನಂಟರೆಂದು ಹೇಳಿದರೆ ಸಸ್ಯಶಾಸ್ತ್ರಜ್ಞರು ಒಪ್ಪಲಾರರು; ನೀರಿನ ವಿಷಯದಲ್ಲಿ ಮಾತ್ರ ಅವೆರಡರ ಕಷ್ಟ ಒಂದೇ.

೧೮೬೮ರಲ್ಲಿ ಅವನ ಗಮನ ಕನ್ನಡನಾಡಿನ ಕಡೆಗೆ ತಿರುಗಿತು. ಕೊಡಗಿನಲ್ಲಿ ಊರೂರಿಗೂ ಇದ್ದ ದೇವರಕಾಡುಗಳ ಪರಿಚಯ ಅವನಿಗಾದದ್ದು ಆ ವರ್ಷ. ಸೊರಬದ ಕಾನುಗಳ ವರದಿ ಬಂದದ್ದೂ ಆ ವರ್ಷವೇ. ಪೆಗುವಿನಲ್ಲಿ ಅವನ ಮುಂದಿದ್ದುದು ಮರ ಮತ್ತು ಅದರ ಲೆಕ್ಕ. ಇಲ್ಲಿ ಅದಕ್ಕೆ ಇನ್ನೊಂದು ಸೇರಿತು. ಸೊರಬದ ರೈತನಿಗೆ ಕಾನು ಎಂದರೆ ದಿಮ್ಮಿಯಲ್ಲ. ಅಡಕೆಯ ತೋಟಕ್ಕೆ ಸೊಪ್ಪು, ನೇಗಿಲಿಗೆ ನೊಗಕ್ಕೆ ಮರ, ಕೆರೆಗೆ ನೀರು, ಸಂತೆಗೆ ಮೆಣಸು ಎಲ್ಲವೂ ಅದರಿಂದಲೇ. ಶ್ರೀಗಂಧದಲ್ಲಿ ಬೆರಳಗಲದ ದೇವರನ್ನು ಕಡೆಯುವ ಸೊರಬ, ಸಾಗರಗಳ ಗುಡಿಗಾರರ ಜೀವನವೂ ಕಾಡಿನ ಮರವನ್ನೇ ನೆಚ್ಚಿತ್ತು. ಆದರೆ ಗಂಧದ ಮರ ಟೀಪುವಿನ ಕಾಲದಿಂದಲೂ ಅರಮನೆಯ ಸೊತ್ತು, ರೈತನ ಹಿತ್ತಲಿನಲ್ಲಿ ಹುಟ್ಟಿದರೂ ಅವನದಲ್ಲ. ಹೀಗೆ ಒಂದೇ ತಾಲ್ಲೂಕಿನಲ್ಲಿ ಸರ್ಕಾರ ಕಾಯುವ ಮರವೂ ಊರು ಕಾಯುವ ಕಾಡೂ ಅಕ್ಕಪಕ್ಕದಲ್ಲಿದ್ದವು.

ಇವುಗಳಲ್ಲಿ ಯಾವುದು ಉಳಿಯಬೇಕು? ಬ್ರಾಂಡಿಸನ ಜೀವನದ ದೊಡ್ಡ ವಾದ ಇದೇ ಆಯಿತು. ೧೮೬೫ರ ಅರಣ್ಯ ಕಾನೂನು ಸಾಲದೆಂದು ಹೊಸ ಕಾನೂನಿನ ಚರ್ಚೆ ನಡೆದಾಗ ಅಧಿಕಾರಿಗಳಲ್ಲಿ ಎರಡು ಪಕ್ಷವಾಯಿತು. ಬೇಡನ್-ಪೊವೆಲ್ ಮೊದಲಾದವರು ಕಾಡೆಲ್ಲ ಸರ್ಕಾರದ್ದು, ಜನ ಹಿಂದಿನಿಂದ ಅನುಭವಿಸುತ್ತ ಬಂದುದು ಹಕ್ಕಲ್ಲ, ಅರಸರ ದಯೆಯಷ್ಟೆ ಎಂದು ವಾದಿಸಿದರು. ಬ್ರಾಂಡಿಸ್ ಇದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಬೆಲೆಬಾಳುವ ಕಾಡುಗಳನ್ನು ಸರ್ಕಾರ ಕಾಯಲಿ. ಆದರೆ ಪ್ರತಿಯೊಂದು ಊರಿನ ಸೌದೆ, ಸೊಪ್ಪು, ಮೇವುಗಳಿಗಾಗಿ ಊರಿನದೇ ಆದ ಕಾಡನ್ನು ಗುರುತಿಸಿ, ಅದರ ಪಾಲನೆಯನ್ನು ಊರಿನವರಿಗೆ ಒಪ್ಪಿಸಬೇಕು ಎಂಬುದು ಅವನ ಮತ. ಜರ್ಮನಿಯಲ್ಲಿ ಹಳ್ಳಿಗಳ ಒಡೆತನದ ಕಾಡುಗಳು ಹಿಂದಿನಿಂದ ಇದ್ದುದನ್ನು ಅವನು ಬಲ್ಲನು. ಜನರನ್ನು ಹೊರಗಟ್ಟಿ ಕಾಡನ್ನು ಕಾಯುವುದಾದರೆ ಕಾವಲುಗಾರರ ಸಂಖ್ಯೆಗೆ ಮಿತಿಯೆಲ್ಲಿ?

೧೮೭೮ರಲ್ಲಿ ಕಾನೂನು ಬಂದಾಗ ಅದರಲ್ಲಿ ಗ್ರಾಮಾರಣ್ಯಗಳಿಗೆಂದು ಒಂದು ಅಧ್ಯಾಯವೇನೋ ಇತ್ತು. ಆದರೆ ಅದು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು. ಕಾಯ್ದಿಟ್ಟ ಅರಣ್ಯಗಳ ಅಧ್ಯಾಯ ಮಾತ್ರ ಬಿರುಸಾಗಿ ಜಾರಿಗೆ ಬಂದಿತು. ತಲೆಮಾರುಗಳಿಂದ ಸೊಪ್ಪು ತಂದವನು ಒಂದು ದಿನ ಬೆಳಗಾಗುವುದರೊಳಗೆ ಕಳ್ಳನಾದನು. ಇಲಾಖೆಯನ್ನು ಕಟ್ಟಿದವನು ಬ್ರಾಂಡಿಸನೇ. ಆ ಇಲಾಖೆಯ ಬಲವೇ ಅವನ ವಾದವನ್ನು ಮೀರಿ ಬೆಳೆಯಿತು. ಇದರಲ್ಲಿ ಅವನ ಪಾಲೇನೂ ಇಲ್ಲವೆಂದು ಹೇಳುವುದು ನ್ಯಾಯವಲ್ಲ. ಅವನೂ ಸಾಮ್ರಾಜ್ಯದ ನೌಕರ. ಕಾಡಿನಿಂದ ವರಮಾನ ತೋರಿಸಬೇಕಾದವನು. ಕಾನೂನು ತನ್ನ ಮನಸ್ಸಿನಂತೆ ಆಗಲಿಲ್ಲವೆಂದು ಕೆಲಸ ಬಿಟ್ಟವನಲ್ಲ. ಆದರೆ ಅಂದಿನ ಅಧಿಕಾರಿಗಳಲ್ಲಿ ಊರಿನ ಪಕ್ಷವನ್ನು ಹಿಡಿದು ಬರೆದವರು ತೀರ ಕಡಮೆ ಎಂಬುದನ್ನೂ ಮರೆಯಲಾಗದು.

ಅವನ ಉಳಿದ ಕೆಲಸಗಳು ಹಲವು. ಶ್ಲಿಕ್, ರಿಬೆನ್‌ಟ್ರಾಪ್ ಎಂಬ ಜರ್ಮನ್ ಅರಣ್ಯಶಾಸ್ತ್ರಜ್ಞರನ್ನು ಭಾರತಕ್ಕೆ ಕರೆತಂದನು. ಅವನ ಬಳಿಕ ಮಹಾನಿರೀಕ್ಷಕರಾದವರು ಇವರೇ. ೧೮೭೮ರಲ್ಲಿ ಡೆಹರಾಡೂನಿನಲ್ಲಿ ಅರಣ್ಯಶಾಲೆ ಆರಂಭವಾಯಿತು. ಸ್ಟುವರ್ಟ್ ಎಂಬ ಅಧಿಕಾರಿ ಆರಂಭಿಸಿ, ಮುಗಿಸದೆ ತೀರಿಕೊಂಡ ವಾಯವ್ಯ ಮತ್ತು ಮಧ್ಯಭಾರತದ ಅರಣ್ಯಸಸ್ಯಗಳ ಗ್ರಂಥವನ್ನು ಬ್ರಾಂಡಿಸ್ ಪೂರೈಸಿ ೧೮೭೪ರಲ್ಲಿ ಪ್ರಕಟಿಸಿದನು. ೧೮೭೫ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನನ್ನು ಸದಸ್ಯನನ್ನಾಗಿ ಆರಿಸಿತು. ಸೇವೆಯ ಕೊನೆಯಲ್ಲಿ ಮದರಾಸು ಪ್ರಾಂತದ ಅರಣ್ಯ ಇಲಾಖೆಯನ್ನು ಸರಿಪಡಿಸುವ ಕೆಲಸವನ್ನು ಕೈಗೊಂಡು, ೧೮೮೩ರಲ್ಲಿ ನಿವೃತ್ತನಾದನು.

ನಿವೃತ್ತಿಯ ನಂತರ ಬಾನ್‌ನಲ್ಲಿ ನೆಲೆಸಿದ ಮೇಲೂ ಅವನು ಸುಮ್ಮನೆ ಕೂರಲಿಲ್ಲ. ಭಾರತದ ಅರಣ್ಯಸೇವೆಗೆ ಸೇರಲಿದ್ದ ಇಂಗ್ಲಿಷ್ ತರುಣರನ್ನು ಕರೆದುಕೊಂಡು ಯೂರೋಪಿನ ಕಾಡುಗಳಲ್ಲಿ ಅಲೆದಾಡಿಸುತ್ತಿದ್ದನು. ಅಮೆರಿಕೆಯಿಂದ ಬಂದ ಗಿಫರ್ಡ್ ಪಿಂಚೊ ಎಂಬ ಯುವಕನಿಗೆ ಅರಣ್ಯಶಾಸ್ತ್ರದ ದಾರಿ ತೋರಿದವರಲ್ಲಿ ಬ್ರಾಂಡಿಸ್ ಮುಖ್ಯನು. ೧೯೦೫ರಲ್ಲಿ ಅಮೆರಿಕೆಯ ಅರಣ್ಯಸೇವೆಯ ಮೊದಲ ಮುಖ್ಯಾಧಿಕಾರಿಯಾದವನು ಈ ಪಿಂಚೊ. ಆನೆಯ ಮೇಲೆ ಕುಳಿತು ಕೋಲಿನಲ್ಲಿ ಕಚ್ಚು ಹಾಕಿದ ಸಂಗತಿ ಈ ಶಿಷ್ಯನ ಬರೆಹದಿಂದಲೇ ಪ್ರಸಿದ್ಧವಾಯಿತು.

೧೮೯೭ರಲ್ಲಿ, ಮೈಸೂರು ಸೀಮೆಯ ಸುತ್ತಾಟ ಮುಗಿದು ಸುಮಾರು ಮೂವತ್ತು ವರ್ಷಗಳಾದ ಮೇಲೆ, ಭಾರತದ ಸ್ವದೇಶೀ ಅರಣ್ಯಪಾಲನೆಯನ್ನು ಕುರಿತು ಅವನು ಒಂದು ಸಣ್ಣ ಪುಸ್ತಕವನ್ನು ಬರೆದನು. ರಾಜಪುತ್ರ ಅರಸರು ಕಾಯ್ದ ಕಾಡುಗಳನ್ನೂ, ಗಾರೋ ಖಾಸಿ ಬೆಟ್ಟಗಳ ಮತ್ತು ಸೇಲಂ ಸೀಮೆಯ ಪವಿತ್ರವನಗಳನ್ನೂ, ಕೊಡಗಿನ ದೇವರಕಾಡುಗಳನ್ನೂ ಅದರಲ್ಲಿ ನೆನೆದನು. ಇಂಥ ವನಗಳು ಒಂದು ಕಾಲಕ್ಕೆ ದೇಶದ ಎಲ್ಲ ಪ್ರಾಂತಗಳಲ್ಲಿಯೂ ಹೇರಳವಾಗಿದ್ದವೆಂದೂ, ಅವುಗಳ ವಿಷಯವಾಗಿ ಪ್ರಕಟವಾದುದು ಅತ್ಯಲ್ಪವೆಂದೂ ಅವನು ಗುರುತಿಸಿದನು. ಭಾರತಕ್ಕೆ ಅರಣ್ಯಪಾಲನೆಯನ್ನು ತಂದವನೆಂದು ಲೋಕ ಯಾರನ್ನು ಹೊಗಳುತ್ತಿತ್ತೋ ಅವನೇ, ಅದು ಇಲ್ಲಿ ಮೊದಲೇ ಇದ್ದಿತೆಂದು ಬರೆದನು.

ಇಳಿವಯಸ್ಸಿನ ವರ್ಷಗಳನ್ನು ಅವನು ಒಂದೇ ಗ್ರಂಥಕ್ಕೆ ಮೀಸಲಿಟ್ಟನು. ಭಾರತದ ಮರಗಳು, ಪೊದೆಗಳು, ಮರಬಳ್ಳಿಗಳು, ಬಿದಿರು, ತಾಳೆಜಾತಿಗಳು ಎಲ್ಲವನ್ನೂ ಅದು ವರ್ಣಿಸುತ್ತದೆ. ಘಟ್ಟದ ಹೈಗ, ಕಡಲಂಚಿನ ಕಾಂಡ್ಲಾ, ಕಾನಿನ ಬೈನೆ, ಬಯಲಿನ ಮತ್ತಿ ಯಾವುದನ್ನೂ ಅವನು ಬಿಡಲಿಲ್ಲ. ಗ್ರಂಥ ೧೯೦೬ರಲ್ಲಿ ಹೊರಬಂದಾಗ ಅವನಿಗೆ ಎಂಬತ್ತೆರಡು ವರ್ಷ. ಮರುವರ್ಷ ಮೇ ೨೮ರಂದು ಅವನು ಹುಟ್ಟಿದ ಊರಿನಲ್ಲಿಯೇ ಕಣ್ಣುಮುಚ್ಚಿದನು. ಬ್ರಾಂಡಿಸಿಯ ಎಂಬ ಸಸ್ಯಕುಲವೊಂದು ಅವನ ಹೆಸರನ್ನು ಹೊತ್ತಿದೆ.

ಸೊರಬದ ಕಾನುಗಳಲ್ಲಿ ಎಷ್ಟೋ ಈಗ ಇಲ್ಲ. ಕೆಲವು ಗದ್ದೆ ತೋಟಗಳಾದವು, ಕೆಲವೆಡೆ ಅಕೇಸಿಯದ ನೆಡುತೋಪು ಎದ್ದಿತು, ಕೆಲವು ಅಂಚಿನಿಂದ ಒಳಗೊಳಗೆ ಸವೆದುಹೋದವು. ಊರಿನವರು ಬಿಡದೆ ಕಾಯ್ದುಕೊಂಡ ಕೆಲವು ಇನ್ನೂ ಹಸುರಾಗಿವೆ. ಕಾಡಿನಲ್ಲಿ ಊರಿಗೆ ಸಾಮುದಾಯಿಕ ಹಕ್ಕುಂಟೆಂದು ಭಾರತದ ಕಾನೂನು ಹೇಳಿದುದು ೨೦೦೬ರಲ್ಲಿ. ಕಾನುಗಳು ಎಷ್ಟು ಕುಗ್ಗಿವೆಯೆಂಬುದನ್ನು ಅಳೆಯಹೊರಟ ಪರಿಸರವಿಜ್ಞಾನಿಗಳು ೧೮೬೮ರ ಆ ಹಳೆಯ ವರದಿಯನ್ನು ಇಂದಿಗೂ ಮುಂದಿಟ್ಟುಕೊಳ್ಳುತ್ತಾರೆ.